ಅಗೆಲಿನ ಎಲೆಯಲ್ಲಿ ಒಂದು ಹಲ್ಲು

"ಬಲೆ ಅಣ್ಣ, ಉಣ್ಲೆ" ಎಂದು ಒಳಗೆ ತುಳುವಿನಲ್ಲಿ ಊಟಕ್ಕೆ ಕರೆದು, ಕೈ ಮುಗಿದು, ಪ್ರೇಮನಾಥ ಕೊನೆಯವನಾಗಿ ಹೊರಗೆ ಬಂದ. ಬಾಗಿಲು ಎಳೆದ. ತುಟಿಯ ಮೇಲೆ ಬೆರಳಿಟ್ಟ. ಎಲ್ಲರ ಮಾತು ನಿಂತಿತು.

ಒಳಗೆ ಈಗ ಸತ್ತವನು ಉಣ್ಣುವ ಹೊತ್ತು. ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಕೊಂಡವರ ಹೆಸರಿಗೆ ಅಗೆಲು, ಅಂದರೆ ಎಡೆ, ಬಡಿಸಿ, ಮನೆಯವರೆಲ್ಲ ಹೊರಗೆ ಬಂದು, ಬಾಗಿಲು ಮುಚ್ಚಿ ಕಾಯುವುದು ಅವರ ಕಡೆಯ ಪದ್ಧತಿ. ಇಣುಕಬಾರದು. ಊರಿನಲ್ಲಾದರೆ ಕಾಯಲು ಅಂಗಳವಿತ್ತು. ಡೊಂಬಿವಲಿಯ ಈ ಬಿಲ್ಡಿಂಗಿನಲ್ಲಿ ಇದ್ದದ್ದು ಲಿಫ್ಟಿನ ಎದುರಿನ ಇಕ್ಕಟ್ಟು ಜಾಗ, ಚಪ್ಪಲಿಯ ಕಪಾಟು, ನೀರಿಳಿಯುತ್ತಿದ್ದ ಕೊಡೆಗಳು.

ರಮಿತಾ ಗೋಡೆಗೆ ಒರಗಿ ನಿಂತಿದ್ದಳು. ಕಲ್ಯಾಣ ಸ್ಟೇಷನ್ನಿನ ಹತ್ತಿರ ಅವಳದೊಂದು ಸಣ್ಣ ಪತ್ತೇದಾರಿ ಆಫೀಸು. ಮದುವೆಗೆ ಮುಂಚೆ ಹುಡುಗನ ನಡತೆ ವಿಚಾರಿಸಿಕೊಡುವುದೇ ಹೆಚ್ಚಿನ ಕೆಲಸ. ಇಲ್ಲಿಗೆ ಅವಳನ್ನು ಕರೆಸಿದವಳು ಜಯಲತಾ. ಹೋದ ಮಳೆಗಾಲದಲ್ಲಿ ಕಲ್ಯಾಣದ ಖಾಡಿಯ ಹಿನ್ನೀರಿನಲ್ಲಿ ತೇಲಿಬಂದ ಹೆಣ ತನ್ನ ಗಂಡ ಸರ್ವೋತ್ತಮನದಲ್ಲ, ಅವರು ಎಲ್ಲೋ ಬದುಕಿದ್ದಾರೆ ಎಂದು ಆಕೆ ಅಂದಿನಿಂದ ಹೇಳುತ್ತಲೇ ಇದ್ದಳು. ಹೆಣ ನೋಡಿ ಅಣ್ಣನೇ ಎಂದು ಗುರುತಿಸಿದವನು ಮೈದುನ ಪ್ರೇಮನಾಥ.

ಪಕ್ಕದ ಮನೆಯ ಆಜಿ ಲಿಫ್ಟಿನಿಂದ ಇಳಿದು, ಬಾಗಿಲೆದುರು ನಿಂತವರನ್ನು ಒಬ್ಬೊಬ್ಬರಾಗಿ ನೋಡಿದಳು.

"ಕಾಯ್ ಝಾಲಂ? ಚಾವಿ ವಿಸರಲಾತ್ ಕಾ?"

"ಚಾವಿ ಮರೆತಿಲ್ಲ ಆಜಿ, ಪಾಹುಣೆ ಜೇವತಾಯತ್," ಎಂದಳು ಪ್ರೇಮನಾಥನ ಹೆಂಡತಿ ನಳಿನಾಕ್ಷಿ, ನೆಂಟರು ಊಟ ಮಾಡುತ್ತಿದ್ದಾರೆ ಎಂದು.

ಮನೆಯವರನ್ನೇ ಹೊರಗೆ ನಿಲ್ಲಿಸಿ ಉಣ್ಣುವ ಅದೆಂಥ ನೆಂಟರೋ ಎಂದು ಗೊಣಗುತ್ತ ಆಜಿ ಒಳಗೆ ಹೋದಳು. ಪ್ರೇಮನಾಥನ ಮಗ ವಿಕಾಸ್ ನಗು ತಡೆಯಲಾರದೆ ಫೋನಿಗೆ ಮುಖ ಹುದುಗಿಸಿದ.

ಆಗ ಒಳಗಿನಿಂದ ಸದ್ದು ಕೇಳಿಸಿತು. ಸ್ಟೀಲಿನ ಲೋಟವೊಂದು ನೆಲದ ಮೇಲೆ ಉರುಳಿದಂತೆ.

ಎಲ್ಲರಿಗೂ ಕೇಳಿಸಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಪಾರಿವಾಳ ಇರ್ಬೇಕು," ಎಂದಳು ನಳಿನಾಕ್ಷಿ, ಸೆರಗನ್ನು ಬಿಗಿಯಾಗಿ ಹೊದ್ದು.

ಜಯಲತಾ ಮಾತ್ರ ಬಾಗಿಲಿನ ಮರಕ್ಕೆ ಕಿವಿ ಹತ್ತಿರ ತಂದು ನಿಂತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಒಲೆಯ ಮೇಲಿಟ್ಟ ಹಾಲನ್ನು ಕಾಯುವವಳ ಮುಖ ಅದು.

ಪ್ರೇಮನಾಥ ಕೆಮ್ಮಿದ. ಬಾಗಿಲನ್ನು ತಟ್ಟಿದ. ತೆರೆದ.

ದೀಪ ಉರಿಯುತ್ತಿತ್ತು. ಬಾಳೆಲೆಯ ಮೇಲೆ ಅನ್ನ, ಕೋಳಿ ಸುಕ್ಕ, ರೊಟ್ಟಿ, ಪತ್ರೊಡೆ ಬಡಿಸಿದ ಹಾಗೇ ಇದ್ದವು. ನೀರಿನ ಲೋಟ ಮಣೆಯಿಂದ ಕೆಳಗೆ ಉರುಳಿತ್ತು. ಎಲೆಯ ತುದಿಯಲ್ಲಿ ಸರ್ವೋತ್ತಮನಿಗೆ ಇಷ್ಟವೆಂದು ಜಯಲತಾ ಬೆಳಿಗ್ಗೆಯಿಂದ ಮಗುಚಿ ಮಾಡಿದ ಬಾಳೆಹಣ್ಣಿನ ಹಲ್ವದ ತುಂಡು.

ತುಂಡಿನ ಒಂದು ಮೂಲೆಯನ್ನು ಯಾರೋ ಕಚ್ಚಿದ್ದರು.

ಕಚ್ಚಿದ ಜಾಗದಲ್ಲಿ ಏನೋ ಹೊಳೆಯಿತು. ಜಯಲತಾ ಮಂಡಿಯೂರಿ ಅದನ್ನು ಎರಡು ಬೆರಳಲ್ಲಿ ಬಿಡಿಸಿ ತೆಗೆದಳು. ದವಡೆ ಹಲ್ಲಿಗೆ ಹಾಕುವ ಲೋಹದ ಕ್ಯಾಪ್.

"ನೋಡಿದಿರಾ?" ಎಂದಳು. ದನಿ ಮೆಲ್ಲಗಿತ್ತು. "ಇವರದ್ದೇ. ಬಂದಿದ್ದಾರೆ. ಸತ್ತವರಿಗೆ ಕ್ಯಾಪ್ ಬೀಳ್ತದಾ? ಹೇಳಿ, ಬೀಳ್ತದಾ?"

ಮತ್ತೆ ಅದೇ ಮಾತು. ಮತ್ತೆ. ದನಿ ಏರಿತು. ಕೊನೆಗೆ ಅದು ಮಾತಾಗಿ ಉಳಿಯಲಿಲ್ಲ. ಪಕ್ಕದ ಮನೆಯ ಬಾಗಿಲು ತೆರೆಯಿತು, ಕೆಳಗಿನ ಮಹಡಿಯದೂ.

"ಇನ್ನು ಆಗ್ಲಿಕ್ಕಿಲ್ಲ ಅತ್ತಿಗೆ," ಎಂದ ಪ್ರೇಮನಾಥ. "ನಾನು ತುಂಬಾ ತಾಳಿಕೊಂಡೆ. ನಾಳೆ ಸಂಜೆ ಥಾಣೆಯ ಆಸ್ಪತ್ರೆಯಿಂದ ಗಾಡಿ ಬರ್ತದೆ. ಕೆಲವು ದಿನ ಇದ್ದು ಬನ್ನಿ. ಎಲ್ಲರೂ ನೋಡಿದ್ದಾರೆ, ಇಲ್ಲ ಅನ್ಬೇಡಿ."

"ಡ್ಯಾಡ್, ಛೋಡೋ ನಾ," ಎಂದ ವಿಕಾಸ್, ಬಿಟ್ಟುಬಿಡಿ ಎಂದು. ಯಾರೂ ಕೇಳಿಸಿಕೊಳ್ಳಲಿಲ್ಲ.

ಜಯಲತಾ ರಮಿತಾಳ ಕೈ ಹಿಡಿದಳು. ಬೆರಳುಗಳು ತಣ್ಣಗಿದ್ದವು. "ನನ್ನನ್ನು ಕಳಿಸ್ಲಿಕ್ಕೆ ಬಿಡ್ಬೇಡ ರಮಿತಾ. ಒಮ್ಮೆ ಹುಚ್ಚಿ ಅಂತ ಬರೆದ್ರೆ ನಾನು ಹೇಳಿದ್ದು ಯಾರೂ ನಂಬುದಿಲ್ಲ."

"ನಾಳೆ ಸಂಜೆವರೆಗೆ ಸಮಯ ಉಂಟಲ್ಲ ಅಕ್ಕ," ಎಂದಳು ರಮಿತಾ. ಬಗ್ಗಿ ಹಲ್ವದ ತುಂಡಿನ ಫೋಟೋ ತೆಗೆದುಕೊಂಡಳು. ಏಕೆಂದು ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ. ಕಚ್ಚಿದ ಗುರುತು ನೋಡಲು ಏನೋ ಒಂದು ತರ ಇತ್ತು.

*

ಡಾಕ್ಟರ್ ಅನಘ ಸರ್ವೋತ್ತಮನ ದವಡೆಯನ್ನು ಡಬ್ಬಿಯಿಂದ ಹೊರಗೆ ತೆಗೆದಳು.

ಬಿಳಿ ಪ್ಲಾಸ್ಟರಿನ ಅಚ್ಚು. ಕ್ಯಾಪ್ ಮಾಡುವ ಮೊದಲು ತೆಗೆದದ್ದು. ಅಂಥ ದವಡೆಗಳು ಅವಳ ಕ್ಲಿನಿಕ್ಕಿನ ಗಾಜಿನ ಕಪಾಟಿನ ತುಂಬ ಇದ್ದವು. ತುಟಿಯಿಲ್ಲದ, ಕಣ್ಣಿಲ್ಲದ ನಗುಗಳು. ಹೊರಗೆ ಡೊಂಬಿವಲಿ ಸ್ಟೇಷನ್ನಿನ ಬೆಳಗಿನ ಗದ್ದಲ. ಒಳಗೆ ಯಾರೋ ಉಸಿರು ಹಿಡಿದು ನಿಂತಂಥ ಮೌನ.

ಅರೆದು ಗೂಟದಂತೆ ಮಾಡಿದ್ದ ಹಲ್ಲಿನ ಮೇಲೆ ಅವಳು ಕ್ಯಾಪ್ ಇಟ್ಟು ಒತ್ತಿದಳು. ಟಕ್ಕೆಂದು ಕೂತಿತು.

"ನನ್ನದೇ ಕೆಲಸ. ನಿಮ್ಮ ಯಜಮಾನರದ್ದೇ. ಇನ್ನೊಬ್ಬರ ಕ್ಯಾಪ್ ಈ ಗೂಟಕ್ಕೆ ಹೀಗೆ ಕೂರುದೇ ಇಲ್ಲ."

ಜಯಲತಾ ಕುರ್ಚಿಯ ತುದಿಗೆ ಬಂದಳು. "ಮತ್ತೆ ಅದು ಬಿದ್ದದ್ದು ಯಾಕೆ ಡಾಕ್ಟ್ರೇ? ಹಲ್ವಕ್ಕಾ?"

"ಎಲ್ಲರೂ ಹಲ್ವ, ಚಿಕ್ಕಿ ಅಂತ ದೂರ್ತಾರೆ. ಹಲ್ವ ಪಾಪ, ಅದರದ್ದು ಕೊನೇ ಎಳೆತ ಮಾತ್ರ. ಅದಕ್ಕೆ ಮೊದಲೇ ಒಳಗೆ ಕೆಟ್ಟಿರ್ತದೆ. ಒಂದೋ ಕ್ಯಾಪಿನ ಅಡಿಯಲ್ಲಿ ಹಲ್ಲು ಹುಳುಕಾಗಿ ಕರಗಿರ್ತದೆ, ಇಲ್ಲಾ ಸಿಮೆಂಟ್ ವರ್ಷಗಟ್ಟಲೆ ಎಂಜಲಲ್ಲಿ ನೆನೆದು ತೊಳೆದು ಹೋಗಿರ್ತದೆ. ಗೂಟ ಗಿಡ್ಡ ಇದ್ರೂ ಹಿಡಿತ ಸಿಗುದಿಲ್ಲ. ಆದ್ರೆ ಇವರದ್ದು ಬೇರೆ. ಇಲ್ಲಿ ನೋಡಿ."

ಅವಳು ಕ್ಯಾಪನ್ನು ದೀಪಕ್ಕೆ ಹಿಡಿದಳು. ಅದರ ನೆತ್ತಿಯಲ್ಲಿ ಸೂಜಿ ಮೊನೆಯಷ್ಟು ಬೆಳಕು ಕಂಡಿತು.

"ತೂತು. ಲೋಹಕ್ಕೆ. ನಿದ್ದೆಯಲ್ಲಿ ಹಲ್ಲು ಕಡೀತಿದ್ರು. ಪಿಂಗಾಣಿಯದ್ದು ಒಡೆದು ಹೋಗ್ತದೆ ಅಂತ ನಾನೇ ಲೋಹದ್ದು ಹಾಕಿದ್ದು. ಕಡಿದೂ ಕಡಿದೂ ಕ್ಯಾಪ್ ಅಲ್ಲಾಡ್ತದೆ, ಸಿಮೆಂಟ್ ಬಿರುಕು ಬಿಡ್ತದೆ. ಆದ್ರೂ ಲೋಹ ತೂತು ಆಗುವಷ್ಟು ಕಡಿದವರನ್ನು ನಾನು ನೋಡಿಲ್ಲ."

"ಹಾಗೆ ಯಾಕೆ ಕಡೀತಾರೆ?" ರಮಿತಾ ಕೇಳಿದಳು.

"ಟೆನ್ಶನ್. ಹೆದರಿಕೆ. ಹಗಲು ಬಾಯಿ ಬಿಟ್ಟು ಹೇಳ್ಲಿಕ್ಕೆ ಆಗದ್ದು ರಾತ್ರಿ ದವಡೆಗೆ ಬರ್ತದೆ."

"ಅವರಿಗೆ ಎಂತ ಹೆದರಿಕೆ?" ಎಂದಳು ಜಯಲತಾ. "ರಾತ್ರಿಯಿಡೀ ನಾನು ಪಕ್ಕದಲ್ಲೇ ಇರ್ತಿದ್ದೆನಲ್ಲ."

ಡಾಕ್ಟರ್ ಅನಘ ಕ್ಯಾಪನ್ನು ಮೂಗಿನ ಹತ್ತಿರ ತಂದಳು. ಹುಬ್ಬು ಗಂಟಿಕ್ಕಿದಳು. ರಮಿತಾಳ ಕಡೆ ಚಾಚಿದಳು.

ಲವಂಗದ ವಾಸನೆ.

"ಸುಕ್ಕಕ್ಕೆ ನಾನು ಲವಂಗ ಹಾಕಿದ್ದೆ," ಎಂದಳು ಜಯಲತಾ.

"ಇದು ನಿಮ್ಮ ಅಡುಗೆಯದ್ದಲ್ಲ. ಒಳಗೆ ಬಿಳಿ ಸಿಮೆಂಟ್ ಉಂಟು, ನೋಡಿ. ತಾತ್ಕಾಲಿಕ. ಅದರಲ್ಲಿ ಲವಂಗದ ಎಣ್ಣೆ ಇರ್ತದೆ. ನಾನು ಹಾಕಿದ್ದು ಹಳದಿ, ಪರ್ಮನೆಂಟ್. ಅದು ಕಿತ್ತುಬಂದ ಮೇಲೆ ಬೇರೆ ಯಾರೋ ಡೆಂಟಿಸ್ಟ್ ಇದನ್ನು ಹಾಕಿ ಕೂರಿಸಿದ್ದಾರೆ. ಇದು ಹೆಚ್ಚು ದಿನ ತಾಳುದಿಲ್ಲ. ಇನ್ನೂ ಇಷ್ಟು ವಾಸನೆ ಹೊಡೀತಾ ಉಂಟು ಅಂದ್ರೆ..." ಅವಳು ನಿಲ್ಲಿಸಿದಳು. "ಕೆಲವು ವಾರ. ಒಂದು ವರ್ಷ ಖಂಡಿತ ಅಲ್ಲ."

ಹೆಣ ಸುಟ್ಟದ್ದು ಹೋದ ಮಳೆಗಾಲದಲ್ಲಿ.

"ಬದುಕಿದ್ದಾರೆ," ಎಂದಳು ಜಯಲತಾ. ಕೂಗಲಿಲ್ಲ. ಅವಳ ಕಣ್ಣಿನಿಂದ ನೀರು ಸುಮ್ಮನೆ ಇಳಿಯಿತು. "ನಿನ್ನೆ ಬಂದಿದ್ರು. ನಾನು ಮಾಡಿದ ಹಲ್ವ ತಿಂದ್ರು."

ರಮಿತಾ ಫೋನ್ ತೆಗೆದು ಹಲ್ವದ ಫೋಟೋ ತೋರಿಸಿದಳು. ಡಾಕ್ಟರ್ ಅನಘ ಅದನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿ, ತಲೆ ಅಲ್ಲಾಡಿಸಿದಳು.

"ಇದು ಮುಂದಿನ ಹಲ್ಲಲ್ಲಿ ಕಚ್ಚಿದ ಗುರುತು. ಎಲ್ಲರೂ ಮುಂದಿನ ಹಲ್ಲಲ್ಲೇ ಕಚ್ಚುದು. ಕ್ಯಾಪ್ ಇದ್ದದ್ದು ಹಿಂದಿನ ದವಡೆಯಲ್ಲಿ. ಅದು ಬೀಳುದಿದ್ರೆ ಜಗಿಯುವಾಗ ಬಾಯೊಳಗೆ ಬೀಳ್ತದೆ, ಜಗಿದ ಹಲ್ವದ ಜೊತೆ ಹೊರಗೆ ಬರ್ತದೆ. ಕೈಯಲ್ಲಿ ಉಳಿದ ತುಂಡಿಗೆ ಹೇಗೆ ಹೋಗ್ತದೆ? ಯಾರೋ ಕಚ್ಚಿ, ಆಮೇಲೆ ಇದನ್ನು ಒತ್ತಿ ಇಟ್ಟಿದ್ದಾರೆ."

ರಮಿತಾಳ ಬೆನ್ನು ನೆಟ್ಟಗಾಯಿತು. ಬಾಗಿಲು ಮುಚ್ಚುವ ಮೊದಲು ಆ ಎಲೆಯ ಮುಂದೆ ಒಬ್ಬನೇ ನಿಂತಿದ್ದವನು ಯಾರು? ಹಿರಿಯ ಗಂಡಸು ಕೊನೆಗೆ ಬರಬೇಕು, ಅವನು ಕೈ ಮುಗಿಯುವಾಗ ಉಳಿದವರು ಬೆನ್ನು ಹಾಕಿರಬೇಕು. ಪದ್ಧತಿಯೇ ಅವನಿಗೆ ಆ ಕ್ಷಣ ಕೊಟ್ಟಿತ್ತು. ಆ ಹೊತ್ತಿನಲ್ಲಿ ನೋಡಬಾರದೆಂದು ರಮಿತಾಳೂ ನೆಲ ನೋಡುತ್ತ ನಿಂತಿದ್ದಳು. ನೋಡುವುದೇ ತನ್ನ ಕಸುಬು ಎಂಬುದನ್ನು ಮರೆತು.

"ಡೆಂಟಿಸ್ಟುಗಳ ಒಂದು ಗ್ರೂಪ್ ಉಂಟು, ಕಲ್ಯಾಣದಿಂದ ಪನವೇಲ್‌ವರೆಗೆ," ಎಂದಳು ಡಾಕ್ಟರ್ ಅನಘ. "ತೂತು ಬಿದ್ದ ಲೋಹದ ಕ್ಯಾಪ್ ಯಾರೂ ಮರೆಯುದಿಲ್ಲ. ಫೋಟೋ ಹಾಕಿ ಕೇಳ್ತೇನೆ."

ಹೊರಡುವಾಗ ಜಯಲತಾ ಬಾಗಿಲಲ್ಲಿ ಹಿಂತಿರುಗಿದಳು.

"ಡಾಕ್ಟ್ರೇ, ಅದನ್ನು ನಾನು ಕೊಂಡುಹೋಗ್ಲಾ?"

ಪ್ಲಾಸ್ಟರಿನ ದವಡೆಯನ್ನು ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹೆಬ್ಬೆರಳಲ್ಲಿ ಹಲ್ಲುಗಳ ಸಾಲನ್ನು ಸವರಿ, ಸೆರಗಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿದಳು. ರಮಿತಾಳಿಗೆ ಅಯ್ಯೋ ಅನಿಸಿತು. ಇಂಥವಳನ್ನು ಆಸ್ಪತ್ರೆಯ ಗಾಡಿಗೆ ಹತ್ತಿಸಲು ಹೊರಟಿದ್ದಾರಲ್ಲ.

*

ಜಯಲತಾಳನ್ನು ರಿಕ್ಷಾ ಹತ್ತಿಸಿ, ಕ್ಯಾಪನ್ನು ತನ್ನ ಪರ್ಸಿನಲ್ಲಿಟ್ಟುಕೊಂಡು ರಮಿತಾ ಕಲ್ಯಾಣದ ಲೋಕಲ್ ಹಿಡಿದಳು. ಠಾಕುರ್ಲಿ ದಾಟುವಷ್ಟರಲ್ಲಿ ಫೋನ್ ಬಂತು.

"ಸಿಕ್ಕಿದ್ರು!" ಎಂದಳು ಡಾಕ್ಟರ್ ಅನಘ. "ಖಾರಘರದಲ್ಲಿ ಅಭಿಜಿತ್ ಅಂತ ಒಬ್ಬ ಡೆಂಟಿಸ್ಟ್. ಹೋದ ತಿಂಗಳು ಅಂಟಿಸಿದ್ದಂತೆ. ಗುಡ್ಡದ ಬುಡದಲ್ಲಿ ಹಿರಿಯರನ್ನು ನೋಡಿಕೊಳ್ಳುವ ಒಂದು ಆಶ್ರಮ ಉಂಟಂತೆ, ಅಲ್ಲಿಂದ ಬಂದ ಪೇಶಂಟ್. ತಮ್ಮ ಕರ್ಕೊಂಡು ಬಂದಿದ್ದ. ವಿಚಿತ್ರ ಎಂತ ಗೊತ್ತುಂಟಾ? ಕ್ಲಿನಿಕ್ಕಿನ ಬಾಗಿಲಿಗೆ ಒಳಗಿಂದ ಚಿಲಕ ಹಾಕುವವರೆಗೆ ಪೇಶಂಟ್ ಬಾಯಿಯೇ ತೆರೀಲಿಲ್ಲವಂತೆ."

ರಮಿತಾ ಬಾಗಿಲ ಕಂಬ ಹಿಡಿದು ನಿಂತಳು. ಮಳೆಯ ಹನಿ ಮುಖಕ್ಕೆ ಹೊಡೆಯಿತು. ಬದುಕಿದ್ದಾನೆ. ಅಣ್ಣನನ್ನು ಬಚ್ಚಿಟ್ಟು ಅತ್ತಿಗೆಯನ್ನು ಹುಚ್ಚಿ ಮಾಡಿದ್ದಾನೆ ಈ ಪ್ರೇಮನಾಥ.

ಆ ಹೆಂಗಸಿನ ತಣ್ಣಗಿನ ಬೆರಳುಗಳು ನೆನಪಾದವು. ಅವಳು ತಡೆಯಲಾರದೆ ಜಯಲತಾಳಿಗೆ ಫೋನ್ ಮಾಡಿದಳು. ಖಾರಘರ, ಗುಡ್ಡದ ಬುಡ, ಆಶ್ರಮ, ಎಲ್ಲ ಹೇಳಿದಳು. ಆ ಕಡೆಯಿಂದ ಜಾಗದ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡಳು.

"ದೇವರು ನಿನಗೆ ಒಳ್ಳೇದು ಮಾಡ್ಲಿ," ಎಂದಳು ಜಯಲತಾ, ಕೊನೆಗೆ.

*

ಮಧ್ಯಾಹ್ನದ ಊಟ ಮುಗಿದು, ಸಂಜೆಯ ಚಹಾ ಶುರುವಾಗದ ಹೊತ್ತು. ಪ್ರೇಮನಾಥನ ಹೋಟೆಲಿನಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿ ನೆಲ ಒರೆಸುತ್ತಿದ್ದರು. ಫ್ಯಾಮಿಲಿ ರೂಮಿನ ಮೂಲೆಯ ಮೇಜಿನ ಮೇಲೆ ರಮಿತಾ ಕ್ಯಾಪ್ ಇಟ್ಟಳು.

"ನಿಮ್ಮದು ಬಿದ್ದಿತ್ತು ಪ್ರೇಮಣ್ಣ."

ಅವನು ಅದನ್ನು ನೋಡಿದ. ಮುಟ್ಟಲಿಲ್ಲ.

"ಎಂತ ಮಾರಾಯ್ತಿ, ನನ್ನ ಹಲ್ಲು ಎಲ್ಲ ಗಟ್ಟಿ ಉಂಟು."

"ಗಟ್ಟಿ ಇದ್ದದ್ದಕ್ಕೇ ಹಲ್ವ ಕಚ್ಚಿದ್ದು ನೀವು. ಒಬ್ಬರೇ ಇದ್ದಾಗ. ಇದನ್ನು ಒತ್ತಿ ಇಟ್ಟದ್ದೂ ನೀವೇ. ಅತ್ತಿಗೆ ಎಲ್ಲರೆದುರು ಕೂಗಾಡ್ಬೇಕಿತ್ತು, ಗಾಡಿ ತರಿಸ್ಲಿಕ್ಕೆ ಸಾಕ್ಷಿ ಬೇಕಿತ್ತು. ಸರಿಯಾ?"

"ನಿನ್ನ ಪತ್ತೇದಾರಿಕೆ ವರಾನ್ವೇಷಣೆಗೆ ಇಟ್ಟುಕೋ. ಹೋಗು, ಚಹಾ ಕುಡಿದು ಹೋಗು."

"ಖಾರಘರದ ಡಾಕ್ಟರ್ ಅಭಿಜಿತ್ ನಿಮ್ಮನ್ನು ಗುರುತಿಸ್ತಾರೆ."

ಒರೆಸುವ ಬಟ್ಟೆ ಹಿಂಡುವ ಸದ್ದು ಹೊರಗಿನಿಂದ ಬಂತು. ಪ್ರೇಮನಾಥ ಎದ್ದು ಬಾಗಿಲು ಮುಚ್ಚಿದ. ಮರಳಿ ಬಂದು ಕುಳಿತಾಗ ಅವನು ಬೇರೆ ಮನುಷ್ಯನಂತೆ ಕಂಡ. ಭುಜಗಳು ಇಳಿದಿದ್ದವು.

"ಮತ್ತೆ ಕಿತ್ತುಬಂದಿತ್ತು. ಅಂಟಿಸಿ ತರ್ತೇನೆ ಅಂತ ಅಣ್ಣನಿಂದ ತೆಕ್ಕೊಂಡಿದ್ದೆ. ಕಿಸೆಯಲ್ಲಿತ್ತು. ಎಲೆ ಮುಂದೆ ನಿಂತಾಗ ತಲೆಗೆ ಬಂತು. ಗಡಿಬಿಡಿಯಲ್ಲಿ ಲೋಟಕ್ಕೂ ಕಾಲು ತಾಗಿ ಮಣೆಯ ಅಂಚಿಗೆ ಬಂದಿತ್ತು, ಆಮೇಲೆ ಬಿತ್ತು ಕಾಣ್ತದೆ. ದೇವರಾಣೆ, ಆ ಸದ್ದಿಗೆ ನಾನೇ ಹೆದರಿದ್ದೆ. ಬದುಕಿದ್ದವನಿಗೆ ಅಗೆಲು ಬಡಿಸಿದ್ದೇನಲ್ಲ."

"ಅಣ್ಣನನ್ನು ಯಾಕೆ ಬಚ್ಚಿಟ್ಟಿದ್ದೀರಿ?"

"ನಾನಾ? ಅಣ್ಣನೇ ಕೈ ಹಿಡಿದು ಕೇಳಿಕೊಂಡದ್ದು. ಅವಳಿಂದ ಬಚ್ಚಿಡು ಅಂತ."

ರಮಿತಾ ನಕ್ಕಳು. ಅವನು ನಗಲಿಲ್ಲ.

"ರಾತ್ರಿ ಎಚ್ಚರ ಆದ್ರೆ ಅವಳ ಬೆರಳು ಅವನ ಮೂಗಿನ ಕೆಳಗೆ. ಎಂತ ಅಂತ ಕೇಳಿದ್ರೆ, ಉಸಿರು ನೋಡ್ತಿದ್ದೆ ಅಂತಿದ್ದಳಂತೆ. ದಿನಾ. ಕತ್ತಲೆಯಲ್ಲಿ ಕೂತು. ಅವನು ನಿದ್ದೆ ಬಂದವನ ಹಾಗೆ ಹಲ್ಲು ಕಚ್ಚಿ ಮಲಗ್ತಿದ್ದ. ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ಕಿಟಕಿಯೆಲ್ಲ ಮುಚ್ಚಿತ್ತು, ಗ್ಯಾಸ್ ತೆರೆದಿತ್ತು, ಅವಳು ತರಕಾರಿಗೆ ಹೋಗಿದ್ದಳು. ಮರೆತೆ ಅಂದಳು. ಮರೀಬಹುದು. ಒಮ್ಮೆ ಮರೀಬಹುದು."

"ಪೊಲೀಸರಿಗೆ ಹೇಳ್ಬಹುದಿತ್ತು."

"ಎಂತ ಹೇಳುದು? ನನ್ನ ಹೆಂಡ್ತಿ ನನ್ನ ಉಸಿರು ನೋಡ್ತಾಳೆ ಅಂತಲಾ? ಠಾಣೆಯಲ್ಲಿ ನಗ್ತಾರೆ." ಅವನು ಮುಖ ಒರೆಸಿಕೊಂಡ. "ಅವನು ಮನೆ ಬಿಟ್ಟು ಖಾರಘರಕ್ಕೆ ಹೋದ ಮೇಲೆ ಖಾಡಿಯಲ್ಲಿ ಯಾರದೋ ಹೆಣ ಸಿಕ್ಕಿತು. ಮುಖ ಇರ್ಲಿಲ್ಲ. ನನ್ನನ್ನು ಕರೆದ್ರು. ಹೌದು ಅಂದೆ. ಸತ್ತ ಅಂತ ಆದ್ರೆ ಹುಡುಕುದು ಬಿಡ್ತಾಳೆ ಅಂತ. ಬಿಡ್ಲಿಲ್ಲ. ನಿನ್ನನ್ನು ಹಿಡಿದಳು."

"ಆ ಹೆಣ ಯಾರದ್ದು?"

ಪ್ರೇಮನಾಥ ಮೇಜಿನ ಒರೆಸಿದ ಜಾಗವನ್ನೇ ಮತ್ತೆ ಅಂಗೈಯಲ್ಲಿ ಒರೆಸಿದ.

ಇದೆಲ್ಲ ಸುಳ್ಳಿರಬಹುದು. ಹೆಣದ ಬಗ್ಗೆ ಸುಳ್ಳು ಹೇಳಿದ ಬಾಯಿಯೇ ಇದು. ಆದರೆ ಲೋಹದ ನೆತ್ತಿಯ ಆ ಸಣ್ಣ ತೂತು ಮೇಜಿನ ಮೇಲಿನಿಂದ ರಮಿತಾಳನ್ನೇ ನೋಡುತ್ತಿತ್ತು.

"ಒಂದೇ ಸಮಾಧಾನ," ಎಂದ ಅವನು. "ಇವತ್ತು ಸಂಜೆ ಅವಳು ಒಳಗೆ ಹೋಗ್ತಾಳೆ. ಅಣ್ಣ ನಿದ್ದೆ ಮಾಡ್ಬಹುದು. ಜಾಗ ಎಲ್ಲಿ ಅಂತ ಅವಳಿಗೆ ಗೊತ್ತಿಲ್ಲ..." ರಮಿತಾಳ ಮುಖ ನೋಡಿ ಅವನ ಮಾತು ಅಲ್ಲೇ ನಿಂತಿತು. "ನೀನು ಹೇಳಿಲ್ಲ ಅಲ್ವಾ?"

ಅವಳು ಆಗಲೇ ಫೋನ್ ಒತ್ತಿದ್ದಳು. ಕೂಡಲೇ ಎತ್ತಿದರು.

"ಅಕ್ಕ, ಎಲ್ಲಿದ್ದೀರಿ?"

ಗಾಡಿಯ ಗಡಗಡ ಸದ್ದು. ಅದರ ಹಿಂದೆ, ಮುಂದಿನ ಸ್ಟೇಷನ್ ಸಾರುವ ರೆಕಾರ್ಡಿನ ಹೆಂಗಸಿನ ದನಿ ಸ್ಪಷ್ಟವಾಗಿ ಹೇಳಿತು: "ಪುಢೀಲ್ ಸ್ಟೇಷನ್, ಖಾರಘರ್."

"ಅಕ್ಕ, ಇಳೀಬೇಡಿ. ನಾನು ಬರ್ತೇನೆ. ಒಟ್ಟಿಗೆ ಹೋಗುವ. ಪೊಲೀಸರನ್ನೂ ಕರ್ಕೊಂಡು..."

"ಪೊಲೀಸರು ಯಾಕೆ ರಮಿತಾ?" ಜಯಲತಾಳ ದನಿಯಲ್ಲಿ ಅಳು ಇರಲಿಲ್ಲ. ಹಾಡು ಹೇಳಿ ಮಗುವನ್ನು ಮಲಗಿಸುವವಳ ಹಾಗೆ ಮೆತ್ತಗಿತ್ತು. "ಅವರ ಡೆತ್ ಸರ್ಟಿಫಿಕೇಟ್ ಆಗಿದೆ, ಸುಟ್ಟಾಗಿದೆ, ಬೊಜ್ಜ, ತಿಥಿ ಎಲ್ಲ ಆಗಿದೆ. ನಿನ್ನ ಪ್ರೇಮಣ್ಣನೇ ಎಲ್ಲ ಚಂದ ಮಾಡಿ ಮುಗಿಸಿದ್ದಾನೆ. ಒಮ್ಮೆ ಸತ್ತವರು ಇನ್ನೊಮ್ಮೆ ಸತ್ತರೆ ಯಾರು ಕೇಳ್ತಾರೆ, ಹೇಳು?"

ಬ್ರೇಕು ಹಿಡಿದ ಸದ್ದು. ಜನರ ನೂಕುನುಗ್ಗಲು.

"ಇಳಿದೆ," ಎಂದಳು ಜಯಲತಾ.